ಸ್ಪ್ಲೆಂಡರ್ ಬೈಕಿನ ಸ್ಪ್ರಾಕೆಟ್ ಸೀಲ್ ಸೋರಿಕೆ: ಮನೆಯ ಅಂಗಳದಲ್ಲಿ ಮಾಡಿದ ದುರಸ್ತಿಯ ದಾಖಲೆ

2011ರ ಮಾದರಿಯ ಸ್ಪ್ಲೆಂಡರ್ ಪ್ಲಸ್ ಬೈಕಿನ ಎಂಜಿನ್ನಿನಿಂದ ಆಯಿಲ್ ಸೋರುತ್ತಿದ್ದುದನ್ನು ತಿಪಟೂರಿನ ನಮ್ಮ ಮನೆಯ ಅಂಗಳದಲ್ಲೇ ಸರಿಪಡಿಸಿದ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕೆಟ್ಟಿದ್ದು ಒಂದೇ ಬಿಡಿಭಾಗ: ಚೈನಿನ ಮುಂದಿನ ಸ್ಪ್ರಾಕೆಟ್ (ಹಲ್ಲುಚಕ್ರ) ಕೂರುವ ಶಾಫ್ಟಿನ ಸುತ್ತ, ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್. ಈ 97.2 ಸಿಸಿ ಎಂಜಿನ್ನಿನಲ್ಲಿ ಗೇರು, ಕ್ಲಚ್ಚು, ಪಿಸ್ಟನ್ನು ಎಲ್ಲಕ್ಕೂ ಒಂದೇ ಆಯಿಲ್ ಆದ್ದರಿಂದ, ಗೇರ್‌ಬಾಕ್ಸಿನ ಬದಿಯಿಂದ ಸೋರಿದರೂ ಕಡಿಮೆಯಾಗುವುದು ಎಂಜಿನ್ ಆಯಿಲ್ಲೇ. ಹಾಗಾಗಿ ಸೀಲ್ ಚಿಕ್ಕದೆಂದು ಈ ಸೋರಿಕೆಯನ್ನು ಮುಂದೂಡುವಂತಿಲ್ಲ.

ಬೈಕ್ 78,000 ಕಿ.ಮೀ. ಓಡಿದೆ. ವರ್ಕ್‌ಶಾಪ್ ಒಂದರಲ್ಲಿ ತೋರಿಸಿದಾಗ, "ಸಾರ್, ಫುಲ್ ಎಂಜಿನ್ ಬಿಚ್ಚಬೇಕು, ಮೂರೂವರೆ ಸಾವಿರ ಆಗುತ್ತೆ" ಎಂದರು. ಆದರೆ ಈ ಸೀಲನ್ನು ಹೊರಗಿನಿಂದಲೇ ಕೀಳಬಹುದು, ಹೊರಗಿನಿಂದಲೇ ಕೂರಿಸಬಹುದು. ಎಂಜಿನ್ನನ್ನು ಎರಡು ಹೋಳಾಗಿ ಬಿಚ್ಚುವ ಅಗತ್ಯವಿಲ್ಲ.

1. ಸೋರುವ ಜಾಗವನ್ನು ಖಚಿತಪಡಿಸಿಕೊಂಡದ್ದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡಿದ್ದು ಈ ಹಂತ. ಸ್ಪ್ಲೆಂಡರಿನ ಚೈನು ಪೂರ್ತಿ ಮುಚ್ಚಿದ ತಗಡಿನ ಕವರಿನೊಳಗೆ ಓಡುತ್ತದೆ. ಸ್ಪ್ರಾಕೆಟ್ಟಿನ ಹಿಂದಿನಿಂದ ಒಸರಿದ ಆಯಿಲ್ ಚೈನಿಗೆ ಅಂಟಿ, ಕವರಿನ ಒಳಗೆಲ್ಲ ಸುತ್ತಿ, ಕೊನೆಗೆ ಕವರಿನ ಕೆಳಭಾಗದ ಸಂದಿಯಿಂದ ಹಿಂದಿನ ಚಕ್ರದ ಹತ್ತಿರ ತೊಟ್ಟಿಕ್ಕುತ್ತದೆ. ನೋಡಿದವರೆಲ್ಲ ಅದನ್ನು ಚೈನಿಗೆ ಹಾಕಿದ ಎಣ್ಣೆಯೆಂದೇ ತಿಳಿಯುತ್ತಾರೆ. ಚೈನಿನ ಗ್ರೀಸು ಮತ್ತು ಎಂಜಿನ್ ಆಯಿಲನ್ನು ಬೇರ್ಪಡಿಸಲು ಒಂದು ಸುಲಭದ ಪರೀಕ್ಷೆ ಇದೆ. ತೊಟ್ಟನ್ನು ಟಿಶ್ಯೂ ಕಾಗದದ ಮೇಲೆ ಬೀಳಿಸಿದರೆ ಎಂಜಿನ್ ಆಯಿಲ್ ಕೆಲವೇ ನಿಮಿಷಗಳಲ್ಲಿ ದೊಡ್ಡ ವೃತ್ತವಾಗಿ ಹರಡಿಕೊಳ್ಳುತ್ತದೆ. ಗ್ರೀಸು ಮಧ್ಯದಲ್ಲೇ ಕಪ್ಪು ಗುಡ್ಡೆಯಾಗಿ ಉಳಿದು, ಅಂಚಿನಲ್ಲಿ ಮಾತ್ರ ತೆಳುವಾಗಿ ಒಸರುತ್ತದೆ. ನನ್ನ ಕಾಗದದಲ್ಲಿ ವೃತ್ತ ಹರಡಿತು.

ಅಷ್ಟರಿಂದಲೇ ಸ್ಪ್ರಾಕೆಟ್ ಸೀಲ್ ಎಂದು ತೀರ್ಮಾನಿಸುವಂತಿಲ್ಲ. ಈ ಎಂಜಿನ್ನಿನ ಎಡಬದಿಯಲ್ಲೇ ಅನುಮಾನಿಸಬೇಕಾದ ಜಾಗಗಳು ಹಲವು: ಮ್ಯಾಗ್ನೆಟ್ ಪ್ಲೇಟಿನ ಓ-ರಿಂಗ್ (ಸಂದಿ ಮುಚ್ಚುವ ರಬ್ಬರ್ ಉಂಗುರ), ನ್ಯೂಟ್ರಲ್ ಸ್ವಿಚ್ಚಿನ ಓ-ರಿಂಗ್, ಗೇರ್ ಶಾಫ್ಟಿನ (ಗೇರ್ ಲಿವರ್ ಕೂರುವ ಶಾಫ್ಟಿನ) ಸೀಲ್, ಸ್ಪ್ರಾಕೆಟ್ ಶಾಫ್ಟಿನ ಸೀಲ್. ಮೇಲೆ ಟ್ಯಾಪೆಟ್ (ವಾಲ್ವ್) ಕವರಿನ ಓ-ರಿಂಗುಗಳು, ಕೆಳಗೆ ಆಯಿಲ್ ಇಳಿಸುವ ಡ್ರೇನ್ ಬೋಲ್ಟಿನ ವಾಷರ್. ಬೈಕ್ ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೂ ಕೆಳಕ್ಕೂ ತಳ್ಳುವುದರಿಂದ ಒದ್ದೆಯಾದ ಜಾಗವೆಲ್ಲ ಸೋರುವ ಜಾಗವಲ್ಲ. ಒದ್ದೆಯ ಪ್ರದೇಶದಲ್ಲಿ ಎಲ್ಲಕ್ಕಿಂತ ಮೇಲೆ ಮತ್ತು ಎಲ್ಲಕ್ಕಿಂತ ಮುಂದೆ ಇರುವ ಬಿಂದುವನ್ನು ಹುಡುಕಬೇಕು.

ಗೇರ್ ಲಿವರಿನ 10ರ ಬೋಲ್ಟ್ ಸಡಿಲಿಸಿ ಲಿವರನ್ನು ಹೊರಗೆಳೆದೆ. ಎಳೆಯುವ ಮೊದಲು ಶಾಫ್ಟಿನ ಮೇಲೂ ಲಿವರಿನ ಮೇಲೂ ಒಂದೊಂದು ಚುಕ್ಕೆ ಗುರುತು ಮಾಡಿಕೊಂಡೆ. ಇಲ್ಲವಾದರೆ ಮರಳಿ ಹಾಕುವಾಗ ಒಂದು ಹಲ್ಲು ಆಚೀಚೆ ಆಗಿ ಕಾಲಿಗೆ ಸಿಗದ ಎತ್ತರದಲ್ಲಿ ಲಿವರ್ ಕೂರುತ್ತದೆ. 8ರ ಟಿ-ಸ್ಪ್ಯಾನರಿನಿಂದ ಎಡಗಡೆಯ ಹಿಂಬದಿಯ ಕವರನ್ನು ಬಿಚ್ಚಿದಾಗ ಒಳಗೆ ಕಂಡದ್ದು ಬೆರಳಿನ ದಪ್ಪಕ್ಕೆ ಗಟ್ಟಿಯಾಗಿ ಮೆತ್ತಿಕೊಂಡಿದ್ದ ಕಪ್ಪು ಮಡ್ಡಿ. ಅದರೊಳಗೆ ತೆಂಗಿನ ನಾರಿನ ಎಳೆಗಳೂ ಇದ್ದವು. ಕೊಬ್ಬರಿ ಮಂಡಿಯ ಬಳಿ ದಿನವೂ ಓಡುವ ಗಾಡಿಯಲ್ಲಿ ಅದೇನೂ ಆಶ್ಚರ್ಯವಲ್ಲ. ಮಡ್ಡಿಯನ್ನು ಮರದ ಚಕ್ಕೆಯಿಂದ ಕೆರೆದು, ಅರ್ಧ ಲೀಟರ್ ಡೀಸೆಲ್ ಮತ್ತು ಹಳೆಯ ಬ್ರಷ್ಷಿನಿಂದ ತೊಳೆದು, ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟೆ. ಕೆರೆಯುವಾಗ ಸ್ಪ್ರಾಕೆಟ್ಟಿನ ಹಿಂದೆ ಸಂದಿ ಮುಚ್ಚಲು ಹಚ್ಚುವ ಗ್ಯಾಸ್ಕೆಟ್ ಗಮ್ಮಿನ ಹಳೆಯ ಚೂರುಗಳು ಸಿಕ್ಕವು. ಹಿಂದೆ ಯಾರೋ ಸೀಲಿನ ಹೊರಮೈಗೆ ಗಮ್ ಹಚ್ಚಿ ಕೈತೊಳೆದುಕೊಂಡಿದ್ದಾರೆ. ತಿರುಗುವ ಶಾಫ್ಟಿನ ಸುತ್ತ ಹಚ್ಚಿದ ಗಮ್ ಒಂದು ಸುತ್ತಿಗೇ ಹರಿಯುತ್ತದೆ ಎಂಬುದು ಹಚ್ಚಿದವರಿಗೆ ಗೊತ್ತಿಲ್ಲದ ಮಾತಾಗಿರಲಾರದು.

ಒಣಗಿದ ಮೇಲೆ ಎಲ್ಲ ಜೋಡಣೆಗಳ ಮೇಲೂ ಮೈಗೆ ಹಚ್ಚುವ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿ, ಕವರ್ ಹಾಕದೆ ಬೈಕನ್ನು ಮೇನ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಬಿಸಿಯಾಗುವವರೆಗೆ ನ್ಯೂಟ್ರಲ್‌ನಲ್ಲಿ ಓಡಿಸಿದೆ. ಏನೂ ಕಾಣಲಿಲ್ಲ. ಬಳಿಕ ಹಿಂದಿನ ಚಕ್ರ ಗಾಳಿಯಲ್ಲಿರುವಂತೆಯೇ, ಕೈ ಬಟ್ಟೆ ಯಾವುದೂ ಚೈನಿನ ಹತ್ತಿರ ಹೋಗದಂತೆ ದೂರ ನಿಂತು, ಮೂರನೆಯ ಗೇರಿನಲ್ಲಿ ನಿಧಾನವಾಗಿ ಓಡಿಸಿದಾಗ ಸ್ಪ್ರಾಕೆಟ್ಟಿನ ಹಿಂದೆ, ಶಾಫ್ಟಿನ ಕೆಳಗೆ, ಬಿಳಿಯ ಪುಡಿಯ ಮೇಲೆ ಒಂದು ಕಂದು ಗೆರೆ ಇಳಿಯತೊಡಗಿತು. ಗೇರ್ ಶಾಫ್ಟಿನ ಸುತ್ತಲೂ ನ್ಯೂಟ್ರಲ್ ಸ್ವಿಚ್ಚಿನ ಸುತ್ತಲೂ ಪುಡಿ ಒಣಗಿಯೇ ಇತ್ತು. ನ್ಯೂಟ್ರಲ್‌ನಲ್ಲಿ ಎಂಜಿನ್ ಸ್ಪ್ರಾಕೆಟ್ ಶಾಫ್ಟನ್ನು ತಿರುಗಿಸುವುದಿಲ್ಲವಾದ್ದರಿಂದ, ನಿಂತಲ್ಲೇ ಎಂಜಿನ್ ಓಡಿಸಿ ಸೋರಿಕೆ ಹುಡುಕುವವರಿಗೆ ಈ ಸೀಲ್ ತಪ್ಪಿಸಿಕೊಳ್ಳುತ್ತದೆ.

2. ಆಯಿಲ್ ಇಳಿಸಿದ್ದು

ಹೇಗೂ ಆಯಿಲ್ ಬದಲಿಸುವ ಹೊತ್ತು ಬಂದಿತ್ತು. ಎಂಜಿನ್ ಉಗುರುಬೆಚ್ಚಗಿರುವಾಗ 17ರ ರಿಂಗ್ ಸ್ಪ್ಯಾನರಿನಿಂದ ಕೆಳಗಿನ ಡ್ರೇನ್ ಬೋಲ್ಟ್ ತೆಗೆದು, ಅಳತೆಯ ಗೆರೆಗಳಿರುವ ಡಬ್ಬಕ್ಕೆ ಇಳಿಸಿಕೊಂಡೆ. ಬಂದದ್ದು 620 ಮಿ.ಲೀ. ಆಯಿಲ್ ಬದಲಿಸುವಾಗ ಈ ಎಂಜಿನ್ನಿಗೆ ಹಾಕುವುದು 900 ಮಿ.ಲೀ. ಮೂರನೆಯ ಒಂದು ಭಾಗದಷ್ಟು ಆಯಿಲ್ ರಸ್ತೆಗೂ ಚೈನ್ ಕವರಿಗೂ ಹಂಚಿಹೋಗಿತ್ತು. ಡಿಪ್‌ಸ್ಟಿಕ್ಕನ್ನು (ಆಯಿಲ್ ಮಟ್ಟ ಅಳೆಯುವ ಕಡ್ಡಿಯನ್ನು) ನೋಡುವಾಗ ಬೈಕ್ ಸಮತಟ್ಟಾದ ನೆಲದಲ್ಲಿ ಮೇನ್ ಸ್ಟ್ಯಾಂಡಿನ ಮೇಲಿರಬೇಕು, ಕಡ್ಡಿಯನ್ನು ತಿರುಗಿಸಿ ಬಿಗಿಯದೆ ಸುಮ್ಮನೆ ಇಳಿಬಿಟ್ಟು ನೋಡಬೇಕು. ತಿರುಗಿಸಿ ಬಿಗಿದು ನೋಡಿದರೆ ಇರುವುದಕ್ಕಿಂತ ಹೆಚ್ಚು ಆಯಿಲ್ ಇದ್ದಂತೆ ತೋರುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದ ಅಳತೆಗೆ ಅರ್ಥವೇ ಇಲ್ಲ.

3. ಸ್ಪ್ರಾಕೆಟ್ ತೆಗೆದದ್ದು

ಚೈನ್ ಕವರಿನ ಎರಡೂ ಹೋಳುಗಳನ್ನು ಬಿಚ್ಚಿ, ಚೈನಿನ ಎರಡು ತುದಿಗಳನ್ನು ಕೂಡಿಸುವ ಲಾಕನ್ನು ಕಟಿಂಗ್ ಪ್ಲೇಯರಿನಿಂದ ತಳ್ಳಿ ತೆಗೆದೆ. ಚೈನು ತೀರ ಬಿಗಿಯಾಗಿತ್ತು. ಕೈಯಿಂದ ಮೇಲೆ ಕೆಳಗೆ ಅಲುಗಾಡಿಸಿದಾಗ 10 ಮಿ.ಮೀ. ಕೂಡ ಆಡುತ್ತಿರಲಿಲ್ಲ, ಇರಬೇಕಾದದ್ದು ಸುಮಾರು 25 ಮಿ.ಮೀ. ಸೀಲ್ ಸವೆದದ್ದಕ್ಕೆ ವಯಸ್ಸಿನ ಜೊತೆಗೆ ಇದೂ ಕಾರಣ ಎಂದು ನನ್ನ ಅಂದಾಜು. ಹಿಂದಿನ ಚಕ್ರ ಗುಂಡಿಗೆ ಇಳಿದೇಳುವಾಗ ಬಿಗಿಯಾದ ಚೈನು ಸ್ಪ್ರಾಕೆಟ್ ಶಾಫ್ಟನ್ನು ಪ್ರತಿ ಸಲವೂ ಹಿಂದಕ್ಕೆ ಜಗ್ಗುತ್ತದೆ, ಆ ಜಗ್ಗುವಿಕೆಯಲ್ಲಿ ಸೀಲಿನ ತುಟಿಯ (ಶಾಫ್ಟಿಗೆ ಒತ್ತಿಕೊಂಡಿರುವ ರಬ್ಬರ್ ಅಂಚಿನ) ಒಂದು ಬದಿ ಒತ್ತಿ ಸವೆದು ಇನ್ನೊಂದು ಬದಿ ಶಾಫ್ಟಿನಿಂದ ಬಿಡಿಸಿಕೊಳ್ಳುತ್ತದೆ. ಬಿ.ಎಚ್. ರಸ್ತೆ (ಬೆಂಗಳೂರು-ಹೊನ್ನಾವರ ಹೆದ್ದಾರಿ) ಬಿಟ್ಟು ಹಳ್ಳಿಯ ದಾರಿ ಹಿಡಿದರೆ ಗುಂಡಿಗಳಿಗೆ ಬರವಿಲ್ಲ.

ಮುಂದಿನ ಸ್ಪ್ರಾಕೆಟ್ಟನ್ನು ಹಿಡಿದಿರುವುದು ಒಂದು ತೆಳು ಲಾಕ್ ಪ್ಲೇಟ್ ಮತ್ತು 10ರ ಎರಡು ಬೋಲ್ಟ್‌ಗಳು. ಚೈನು ತೆಗೆಯುವ ಮೊದಲೇ ಗೇರ್ ಹಾಕಿ, ಹಿಂದಿನ ಬ್ರೇಕ್ ಒತ್ತಿಸಿ ಈ ಬೋಲ್ಟ್‌ಗಳನ್ನು ಸಡಿಲಿಸಿಕೊಂಡರೆ ಸುಲಭ. ಬೋಲ್ಟ್ ತೆಗೆದು ಪ್ಲೇಟನ್ನು ಸ್ವಲ್ಪ ತಿರುಗಿಸಿದರೆ ಅದು ಶಾಫ್ಟಿನ ಕಚ್ಚಿನಿಂದ ಕಳಚಿಕೊಂಡು ಹೊರಬರುತ್ತದೆ, ಹಿಂದೆಯೇ ಸ್ಪ್ರಾಕೆಟ್ಟೂ ಕೈಗೆ ಬರುತ್ತದೆ. ಅದರ ಹಲ್ಲುಗಳು ಒಂದೇ ಕಡೆಗೆ ವಾಲಿ ಚೂಪಾಗಿರಲಿಲ್ಲವಾದ್ದರಿಂದ ಅದನ್ನೇ ಮರಳಿ ಬಳಸಿದ್ದೇನೆ.

ಈಗ ಶಾಫ್ಟಿನ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ ನೋಡಬೇಕು. ಇಲ್ಲಿ ಕಣ್ಣಿಗೆ ಕಾಣುವಷ್ಟು ಆಟವಿದ್ದರೆ ಒಳಗಿನ ಬೇರಿಂಗ್ ಹೋಗಿದೆ ಎಂದರ್ಥ. ಆಗ ಮಾತ್ರ ವರ್ಕ್‌ಶಾಪಿನವರು ಹೇಳಿದಂತೆ ಎಂಜಿನ್ ಬಿಚ್ಚುವುದೇ ದಾರಿ, ಹೊಸ ಸೀಲ್ ಹಾಕಿದರೂ ಅದು ಬಾಳುವುದಿಲ್ಲ. ನನ್ನ ಶಾಫ್ಟ್ ಗಟ್ಟಿಯಾಗಿತ್ತು. ಎಂಜಿನ್ನಿನ ಉಸಿರುಕೊಳವೆ ಮಡಚಿಕೊಂಡಿದ್ದರೆ ಒಳಗೆ ಒತ್ತಡ ಹೆಚ್ಚಿ ಸೀಲಿನಿಂದ ಆಯಿಲ್ ಹೊರತಳ್ಳುವುದುಂಟು ಎಂದು ಅದನ್ನೂ ಊದಿ ನೋಡಿದೆ, ಗಾಳಿ ಸರಾಗವಾಗಿ ಹೋಯಿತು.

4. ಹಳೆಯ ಸೀಲ್ ಕಿತ್ತದ್ದು

ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯುವುದು ಸಾಮಾನ್ಯ ರೂಢಿ. ಸೀಲ್ ಕೂರುವ ಅಲ್ಯೂಮಿನಿಯಂ ಗೋಡೆಗೆ ಒಂದು ಗೀರು ಬಿದ್ದರೆ ಹೊಸ ಸೀಲಿನ ಹೊರಮೈಯಿಂದಲೇ ಆಯಿಲ್ ದಾರಿ ಮಾಡಿಕೊಳ್ಳುತ್ತದೆ; ಒಳಗಡೆ ಶಾಫ್ಟಿಗೆ ಗೀರು ಬಿದ್ದರೆ ಹೊಸ ತುಟಿ ಬೇಗ ಹರಿಯುತ್ತದೆ. ಆದ್ದರಿಂದ ಸೀಲಿನ ಮುಖದ ಮೇಲೆ ಎದುರುಬದುರಾಗಿ 2 ಮಿ.ಮೀ.ನ ಎರಡು ತೂತು ಕೊರೆದು, ಅವಕ್ಕೆ ಚಿಕ್ಕ ಸ್ಕ್ರೂಗಳನ್ನು ತಿರುಗಿಸಿ, ಸ್ಕ್ರೂ ತಲೆಗಳನ್ನು ಪ್ಲೇಯರಿನಿಂದ ಒಂದಾದ ಮೇಲೊಂದರಂತೆ ಎಳೆದೆ. ಡ್ರಿಲ್ ಬಿಟ್ಟಿನ ತುದಿಯಿಂದ 3 ಮಿ.ಮೀ. ಬಿಟ್ಟು ಟೇಪ್ ಸುತ್ತಿಕೊಂಡಿದ್ದೆ. ಸೀಲಿನ ಹಿಂದೆಯೇ ಬೇರಿಂಗ್ ಇರುವುದರಿಂದ ಅದಕ್ಕಿಂತ ಆಳ ಹೋಗಬಾರದು. ಬಿಟ್ಟಿಗೆ ಗ್ರೀಸ್ ಸವರಿಕೊಂಡಿದ್ದರೆ ಲೋಹದ ಪುಡಿ ಅದಕ್ಕೇ ಅಂಟಿಕೊಳ್ಳುತ್ತದೆ.

ಕೀಳುವ ಮೊದಲು ಒಂದು ಅಳತೆ ಬರೆದುಕೊಂಡೆ: ಎಂಜಿನ್ ಗೋಡೆಯ ಅಂಚಿನಿಂದ ಸೀಲಿನ ಮುಖ 1.2 ಮಿ.ಮೀ. ಒಳಗಿತ್ತು. ವರ್ನಿಯರ್ ಕ್ಯಾಲಿಪರಿನ ಹಿಂತುದಿಯ ಕಡ್ಡಿಯಿಂದ ಇದನ್ನು ಅಳೆಯಬಹುದು. ಈ ಅಳತೆ ಮುಂದೆ ಬಹಳ ಉಪಯೋಗಕ್ಕೆ ಬಂತು.

ಹೊರಬಂದ ಸೀಲಿನ ತುಟಿ ಉಗುರಿನಿಂದ ಒತ್ತಿದರೆ ಬಗ್ಗುತ್ತಿರಲಿಲ್ಲ, ಹಪ್ಪಳದಂತೆ ಚಟ್ಟನೆ ಮುರಿಯಿತು. ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯುವ ಸಣ್ಣ ಸ್ಪ್ರಿಂಗು ಮಾತ್ರ ಸರಿಯಾಗಿಯೇ ಇತ್ತು.

5. ಹೊಸ ಸೀಲ್, ಮೊದಲ ಸುತ್ತು

ಸೀಲಿನ ಮುಖದ ಮೇಲೆ ಮೂರು ಅಂಕೆಗಳು ಅಚ್ಚಾಗಿರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲವೂ ಮಿ.ಮೀ.ಗಳಲ್ಲಿ. ಅಂಗಡಿಗೆ ಹಳೆಯ ಸೀಲನ್ನೇ ಒಯ್ದು ಮೂರೂ ಅಂಕೆಗಳನ್ನು ತಾಳೆ ನೋಡಬೇಕು. "ಸ್ಪ್ಲೆಂಡರಿಗೆ ಎಲ್ಲಾ ಒಂದೇ ಅಣ್ಣ" ಎಂದು ಅಂಗಡಿಯವರು ಮೊದಲು ಕೊಟ್ಟದ್ದು ಗೇರ್ ಶಾಫ್ಟಿನ ಸೀಲ್ ಆಗಿತ್ತು. ಸರಿಯಾದದ್ದಕ್ಕೆ ರೂ. 45 ಕೊಟ್ಟೆ.

ಶಾಫ್ಟಿನ ಹಲ್ಲುಗಳ ಮೇಲಿಂದ ಹೊಸ ಸೀಲನ್ನು ದಾಟಿಸುವಾಗ ಆ ಹಲ್ಲುಗಳ ಅಂಚು ತುಟಿಯನ್ನು ಕತ್ತರಿಸುವ ಸಂಭವವಿದೆ. ಇದಕ್ಕೆ ನಂದಿನಿ ಹಾಲಿನ ಖಾಲಿ ಪ್ಯಾಕೆಟ್ ಬಹಳ ಚೆನ್ನಾಗಿ ಒದಗಿತು. ಅದನ್ನು ತೊಳೆದು, ಉದ್ದಕ್ಕೆ ಸೀಳಿ, ಹಲ್ಲುಗಳ ಮೇಲೆ ಬಿಗಿಯಾಗಿ ಒಂದು ಸುತ್ತು ಸುತ್ತಿ, ಮೇಲೆ ಆಯಿಲ್ ಸವರಿದೆ. ಸೀಲಿನ ತುಟಿಗೆ ಗ್ರೀಸ್ ತುಂಬಿ, ಸ್ಪ್ರಿಂಗ್ ಇರುವ ಮುಖ ಎಂಜಿನ್ನಿನ ಒಳಗೆ ಬರುವಂತೆ ಹಿಡಿದು ಜಾರಿಸಿದಾಗ ಅದು ತಡೆಯಿಲ್ಲದೆ ದಾಟಿತು. ಬಳಿಕ ಪ್ಯಾಕೆಟ್ಟನ್ನು ಎಳೆದು ತೆಗೆದೆ.

ಸೀಲನ್ನು ಒಳಗೆ ಕೂರಿಸಲು ಶಾಫ್ಟ್ ಅಡ್ಡ ಬರುವುದರಿಂದ ಚಪ್ಪಟೆ ಕಟ್ಟಿಗೆ ಉಪಯೋಗಿಸಲಾಗದು. ಶಾಫ್ಟ್ ಒಳಗೆ ಹೋಗುವಷ್ಟು ಟೊಳ್ಳಿರುವ, ಹೊರಮೈ ಸೀಲಿಗಿಂತ ಕೂದಲೆಳೆಯಷ್ಟು ಚಿಕ್ಕದಿರುವ ಪಿವಿಸಿ ಪೈಪಿನ ತುಂಡನ್ನು 15 ಸೆಂ.ಮೀ. ಉದ್ದಕ್ಕೆ ನೇರವಾಗಿ ಕೊಯ್ದು, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ಸಮ ಮಾಡಿಕೊಂಡೆ. ಪೈಪಿನ ತುದಿಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ, ನಾಲ್ಕೂ ದಿಕ್ಕಿನಲ್ಲಿ ಆಳ ಸಮವಾಗಿದೆಯೇ ಎಂದು ಆಗಾಗ ಅಳೆಯುತ್ತ, ಹಳೆಯ ಸೀಲ್ ಇದ್ದ 1.2 ಮಿ.ಮೀ. ಆಳಕ್ಕೇ ತಂದು ನಿಲ್ಲಿಸಿದೆ.

ಡ್ರೇನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, 10ಡಬ್ಲ್ಯೂ-30 ದರ್ಜೆಯ ಆಯಿಲ್ 900 ಮಿ.ಲೀ. ತುಂಬಿ, ಎಲ್ಲವನ್ನೂ ಜೋಡಿಸಿ ಓಡಿಸಿದೆ. 80 ಕಿ.ಮೀ. ಆದಮೇಲೆ ಕವರ್ ತೆಗೆದು ನೋಡಿದರೆ ಶಾಫ್ಟಿನ ಕೆಳಗೆ ಮತ್ತೆ ಒದ್ದೆ. ಮೊದಲಿನಷ್ಟಲ್ಲ, ಆದರೂ ಬೆರಳಿಗೆ ಹತ್ತುವಷ್ಟು.

6. ವಿಫಲವಾದದ್ದೇಕೆ

ಹೊಸ ಸೀಲನ್ನು ಅದೇ ಕ್ರಮದಲ್ಲಿ ಕಿತ್ತು ನೋಡಿದೆ. ತುಟಿಯಲ್ಲಿ ಎಲ್ಲೂ ಕತ್ತರಿಕೆ ಇರಲಿಲ್ಲ, ಹಾಲಿನ ಪ್ಯಾಕೆಟ್ ತನ್ನ ಕೆಲಸ ಮಾಡಿತ್ತು. ಹೊರಮೈಯಲ್ಲೂ ಆಯಿಲಿನ ಜಾಡು ಇರಲಿಲ್ಲ. ಉಳಿದದ್ದು ಶಾಫ್ಟ್. ಡೀಸೆಲ್ ಬಟ್ಟೆಯಿಂದ ಒರೆಸಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದಾಗ ಹೊಳೆಯುವ ಮೈಮೇಲೆ ಒಂದು ತೆಳು ಉಂಗುರ ಕಂಡಿತು. ಉಗುರನ್ನು ಶಾಫ್ಟಿನ ಉದ್ದಕ್ಕೆ ಎಳೆದರೆ ಅಲ್ಲಿ ಟಕ್ಕೆಂದು ತಡೆಯುತ್ತಿತ್ತು. ಇಷ್ಟು ವರ್ಷ ಒಂದೇ ಜಾಗದಲ್ಲಿ ಉಜ್ಜಿದ ತುಟಿ, ಅದಕ್ಕೆ ಅಂಟಿದ ಧೂಳಿನ ಜೊತೆಗೂಡಿ, ಉಕ್ಕಿನಲ್ಲಿ ಗೆರೆ ಕೊರೆದಿತ್ತು. ಹೊಸ ಸೀಲನ್ನು ಹಳೆಯ ಆಳಕ್ಕೇ ಕೂರಿಸಿದ್ದರಿಂದ ಅದರ ತುಟಿ ಸರಿಯಾಗಿ ಆ ಗೆರೆಯೊಳಗೇ ಇಳಿದು ಕೂತಿತ್ತು. ಮೆದುವಾದ ರಬ್ಬರ್ ಉಕ್ಕನ್ನು ಸವೆಸುತ್ತದೆಯೇ ಎಂದು ಅನುಮಾನಿಸುವವರು ಹಳೆಯ ಗಾಡಿಯ ಯಾವ ಶಾಫ್ಟನ್ನಾದರೂ ಉಗುರಿನಿಂದ ಮುಟ್ಟಿ ನೋಡಬಹುದು.

ಸೀಲ್ ಬದಲಿಸುವ ಕೆಲಸಕ್ಕೆ ಕೈಹಾಕುವವರಿಗೆ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಹೊಸ ಸೀಲ್ ಹಾಕುವ ಮೊದಲು ಶಾಫ್ಟನ್ನು ಉಗುರಿನಿಂದ ಪರೀಕ್ಷಿಸಬೇಕು, ಇಲ್ಲವಾದರೆ ಬಿಡಿಭಾಗ ಎಷ್ಟು ಒಳ್ಳೆಯದಾದರೂ ಸೋರಿಕೆ ನಿಲ್ಲುವುದಿಲ್ಲ.

7. ಎರಡನೆಯ ಸುತ್ತು

ಶಾಫ್ಟ್ ಬದಲಿಸುವುದೆಂದರೆ ಎಂಜಿನ್ ಬಿಚ್ಚಬೇಕು. ಅದರ ಬದಲು ತುಟಿ ಕೂರುವ ಜಾಗವನ್ನೇ ಸ್ವಲ್ಪ ಹೊರಕ್ಕೆ ಸರಿಸುವುದು ಸುಲಭ. ಮೊದಲು ಗೆರೆಯ ಅಂಚಿನ ಉಬ್ಬನ್ನು ಇಳಿಸಲು 1000 ನಂಬರಿನ ಎಮರಿ ಕಾಗದದ ತೆಳು ಪಟ್ಟಿಗೆ ಆಯಿಲ್ ಹಚ್ಚಿ, ಶಾಫ್ಟಿನ ಸುತ್ತ ಹಾಕಿ, ಎರಡೂ ತುದಿ ಹಿಡಿದು ಎಳೆದಾಡಿದೆ. ಶಾಫ್ಟಿನ ಉದ್ದಕ್ಕೆ ಉಜ್ಜಬಾರದು. ಹಾಗೆ ಬಿದ್ದ ಗೀರುಗಳೇ ಆಯಿಲಿಗೆ ಹೊರಬರುವ ಕಾಲುವೆಗಳಾಗುತ್ತವೆ. ಎಮರಿಯ ಪುಡಿ ಬೇರಿಂಗಿಗೆ ಇಳಿಯದಂತೆ ಸುತ್ತಲಿನ ಸಂದಿಗೆ ಗ್ರೀಸ್ ಹಚ್ಚಿದ ಬಟ್ಟೆಯನ್ನು ತುರುಕಿದ್ದೆ, ಕೊನೆಗೆ ಗ್ರೀಸನ್ನೂ ಪುಡಿಯನ್ನೂ ಒಟ್ಟಿಗೆ ಒರೆಸಿ ತೆಗೆದೆ.

ಎರಡನೆಯ ಸೀಲನ್ನು ತುಮಕೂರಿನಿಂದ ರೂ. 70ಕ್ಕೆ ತರಿಸಿದೆ. ಇದರಲ್ಲಿ ಒಳತುಟಿಯ ಜೊತೆಗೆ ಧೂಳು ತಡೆಯುವ ಹೊರತುಟಿಯೂ ಇದೆ. ಹಾಲಿನ ಪ್ಯಾಕೆಟ್, ಗ್ರೀಸ್, ಪಿವಿಸಿ ಪೈಪು ಎಲ್ಲವೂ ಹಿಂದಿನಂತೆಯೇ. ವ್ಯತ್ಯಾಸ ಒಂದೇ: ಸೀಲಿನ ಮುಖವನ್ನು ಗೋಡೆಯ ಅಂಚಿಗೆ ಸಮವಾಗಿ ನಿಲ್ಲಿಸಿದೆ, ಒಳಕ್ಕೆ ಇಳಿಸಲಿಲ್ಲ. ಇದರಿಂದ ತುಟಿ ಹಳೆಯ ಗೆರೆಯಿಂದ 1.2 ಮಿ.ಮೀ. ಹೊರಗೆ, ಸವೆಯದ ಉಕ್ಕಿನ ಮೇಲೆ ಕೂರುತ್ತದೆ. ಹೀಗೆ ಮಾಡುವಾಗ ಸ್ಪ್ರಾಕೆಟ್ಟಿನ ಹಿಂಬದಿ ಸೀಲಿಗೆ ತಾಗುತ್ತದೆಯೇ ಎಂದು ನೋಡಲೇಬೇಕು. ಸ್ಪ್ರಾಕೆಟ್ಟನ್ನು ಕೂರಿಸಿ ಅದರ ಹಿಂದೆ ಪೋಸ್ಟ್‌ಕಾರ್ಡಿನ ಪಟ್ಟಿಯನ್ನು ತೂರಿಸಿ ಸುತ್ತಲೂ ತಿರುಗಿಸಿದೆ. ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ.

80 ಕಿ.ಮೀ. ಮಾತ್ರ ಓಡಿದ್ದ ಆಯಿಲನ್ನು ಶುಚಿಯಾದ ಡಬ್ಬಕ್ಕೆ ಇಳಿಸಿ, ದಟ್ಟ ನೇಯ್ಗೆಯ ಹತ್ತಿ ಬಟ್ಟೆಯಲ್ಲಿ ಸೋಸಿ, ಅದನ್ನೇ ಮರಳಿ ತುಂಬಿದೆ. ಡ್ರೇನ್ ಬೋಲ್ಟಿನ ವಾಷರನ್ನು ಮಾತ್ರ ಮತ್ತೆ ಹೊಸದು ಹಾಕಿದೆ. ಅದು ಕೂರುವ ಮರೆ (ಥ್ರೆಡ್) ಅಲ್ಯೂಮಿನಿಯಮ್ಮಿನದಾದ್ದರಿಂದ ಬೋಲ್ಟನ್ನು ಉದ್ದ ಹಿಡಿಯ ಸ್ಪ್ಯಾನರಿನಿಂದ ಜಗ್ಗಿ ಬಿಗಿಯಬಾರದು. ಮರೆ ಹೋದರೆ ಸೀಲಿನ ಸೋರಿಕೆಗಿಂತ ದೊಡ್ಡ ಖರ್ಚು ಕಾದಿರುತ್ತದೆ.

ಚೈನಿಗೆ ಹೊಸ ಲಾಕ್ ಹಾಕಿದೆ. ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ಹಿಂದಿನ ಆಕ್ಸಲ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರಿನ ಗುರುತುಗಳನ್ನು ಸಮವಾಗಿಟ್ಟು, ಚೈನಿನ ಆಟವನ್ನು 25 ಮಿ.ಮೀ.ಗೆ ತಂದೆ. ಈ ಹಂತವನ್ನು ಬಿಟ್ಟರೆ ಹೊಸ ಸೀಲಿಗೂ ಹಳೆಯದರ ಗತಿಯೇ.

8. ಖರ್ಚು

ಸೀಲ್‌ಗಳಿಗೆ ರೂ. 45 ಮತ್ತು 70, ಆಯಿಲಿಗೆ 385, ಎರಡು ವಾಷರಿಗೆ 20, ಚೈನ್ ಲಾಕಿಗೆ 15, ಡೀಸೆಲ್‌ಗೆ 45, ಒಟ್ಟು ರೂ. 580. ಇದರಲ್ಲಿ ಆಯಿಲ್ ಹೇಗೂ ಬದಲಿಸಬೇಕಾಗಿದ್ದದ್ದು. ಪೈಪು, ಗ್ರೀಸು, ಎಮರಿ ಮನೆಯಲ್ಲಿದ್ದವು. ಇಳಿಸಿದ ಹಳೆಯ ಆಯಿಲನ್ನು ಬೇಲಿಗೂಟಕ್ಕೆ ಗೆದ್ದಲು ಹತ್ತದಿರಲೆಂದು ಬಳಿಯುವ ರೂಢಿ ನಮ್ಮ ಕಡೆ ಇದೆ. ಬಾವಿಯ ಹತ್ತಿರದ ನೆಲಕ್ಕೆ ಅದು ಇಳಿಯುವುದು ಬೇಡವೆಂದು ಗ್ಯಾರೇಜಿನವರ ಹಳೆಯ ಆಯಿಲ್ ಪೀಪಾಯಿಗೆ ಹಾಕಿಬಂದೆ.

9. ಈಗಿನ ಸ್ಥಿತಿ

ಎರಡನೆಯ ಸೀಲ್ ಹಾಕಿದ ಮೇಲೆ 640 ಕಿ.ಮೀ. ಓಡಿದೆ. ಕವರ್ ತೆಗೆದು ಪೌಡರ್ ಪರೀಕ್ಷೆ ಮತ್ತೆ ಮಾಡಿದೆ. ಮೂರನೆಯ ಗೇರಿನಲ್ಲಿ ಓಡಿಸಿದರೂ ಶಾಫ್ಟಿನ ಕೆಳಗಿನ ಪುಡಿ ಒಣಗಿಯೇ ಉಳಿಯಿತು. ಡಿಪ್‌ಸ್ಟಿಕ್ಕಿನ ಮಟ್ಟ ಮೇಲಿನ ಗೆರೆಯಿಂದ ಕೆಳಗಿಳಿದಿಲ್ಲ. ಅದೇ ಪರೀಕ್ಷೆಯಲ್ಲಿ ಎಕ್ಸಾಸ್ಟ್ ಬದಿಯ ಟ್ಯಾಪೆಟ್ ಕವರಿನ ಅಂಚಿನಲ್ಲಿ ಮಾತ್ರ ಪುಡಿ ಸ್ವಲ್ಪ ಕಂದಾಗಿದೆ. ಅಲ್ಲಿರುವುದು ಒಂದು ಓ-ರಿಂಗ್, ಅದನ್ನು ಬದಲಿಸಲು ಆಯಿಲ್ ಇಳಿಸಬೇಕಿಲ್ಲ. ಹೊಸ ಓ-ರಿಂಗ್ ತಂದಿಟ್ಟಿದ್ದೇನೆ, ಎಂಜಿನ್ ಪೂರ್ತಿ ತಣ್ಣಗಿರುವ ಒಂದು ಬೆಳಿಗ್ಗೆ ಟ್ಯಾಪೆಟ್ ಗ್ಯಾಪ್ ನೋಡುವಾಗ ಅದನ್ನೂ ಹಾಕುತ್ತೇನೆ.